ಥೈರಾಯ್ಡ್ ಮಾತ್ರೆ: ಬೆಳಗ್ಗಿನ ಪೂಜೆಗೆ ಮೊದಲೇ ಸೇವಿಸಿ

ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿಯು ಸಾಕಷ್ಟು ಹಾರ್ಮೋನು ಉತ್ಪಾದಿಸದಿದ್ದಾಗ ಆಯಾಸ, ಚಳಿ, ಮಲಬದ್ಧತೆ, ಮುಖದ ಊತ, ಮರೆವು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಕೊಡುವ ಲೆವೊಥೈರಾಕ್ಸಿನ್ ಮಾತ್ರೆ, ದೇಹವೇ ತಯಾರಿಸಬೇಕಾಗಿದ್ದ ಥೈರಾಕ್ಸಿನ್‌ನ ಕೃತಕ ರೂಪ. (ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನನ್ನು ಮೊದಲ ಬಾರಿಗೆ ಹರಳಿನ ರೂಪದಲ್ಲಿ ಪಡೆದದ್ದು 1914ರ ಕ್ರಿಸ್ಮಸ್ ದಿನದಂದು!)

ಗ್ರಂಥಿ ಪೂರ್ತಿ ನಿಂತಿದ್ದರೆ ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. ಆದರೆ ವೃದ್ಧರಿಗೆ, ಹೃದ್ರೋಗಿಗಳಿಗೆ ವೈದ್ಯರು 12.5 ಅಥವಾ 25 ಮೈಕ್ರೋಗ್ರಾಂನಿಂದ ಆರಂಭಿಸುತ್ತಾರೆ. ಒಮ್ಮೆಲೇ ಹೆಚ್ಚಿಸಿದರೆ ಹೃದಯಕ್ಕೆ ಅಪಾಯ. 6ರಿಂದ 8 ವಾರಗಳ ನಂತರ ಟಿಎಸ್‌ಎಚ್ ರಕ್ತಪರೀಕ್ಷೆ ನೋಡಿ ಪ್ರಮಾಣ ಸರಿಪಡಿಸುತ್ತಾರೆ.

ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ, ತಿಂಡಿ-ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು ಸೇವಿಸಬೇಕು. ಪರಮಪ್ರಸಾದದ ಉಪವಾಸ ಮುರಿಯಬಾರದೆಂದು ಕೆಲವು ಹಿರಿಯರು ಬಲಿಪೂಜೆ ಮುಗಿಸಿ, ಮನೆಗೆ ಹೋಗಿ, ಕಾಫಿಯೊಂದಿಗೆ ಮಾತ್ರೆ ನುಂಗುತ್ತಾರೆ. ಇದು ಅನಗತ್ಯ. ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿಯ ಪ್ರಕಾರ ಒಂದು ಗಂಟೆಯ ಈ ಉಪವಾಸಕ್ಕೆ ನೀರು, ಔಷಧ ಅಡ್ಡಿಯಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ಮಾತ್ರ 4 ಗಂಟೆ ಅಂತರವಿರಲಿ.

ಗುಣವಾಯಿತೆಂದು ಮಾತ್ರೆ ಬಿಡುವುದೇ ದೊಡ್ಡ ತೊಂದರೆ. ಔಷಧ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕಾಗುವುದರಿಂದ ಬಿಟ್ಟ ಕೂಡಲೇ ಏನೂ ತಿಳಿಯದು. ಮುಂದೊಂದು ದಿನ ಸೋಂಕು ತಗಲಿದಾಗ ಮೈ ತಣ್ಣಗಾಗಿ, ಉಸಿರಾಟ ನಿಧಾನವಾಗಿ, ಪ್ರಜ್ಞೆ ತಪ್ಪಬಹುದು. ಮಿಕ್ಸೆಡಿಮಾ ಕೋಮಾ ಎನ್ನುವ ಈ ಸ್ಥಿತಿಗೆ ತೀವ್ರ ನಿಗಾ ಘಟಕದಲ್ಲಿ ರಕ್ತನಾಳದ ಮೂಲಕ ಲೆವೊಥೈರಾಕ್ಸಿನ್, ಜೊತೆಗೆ ಹೈಡ್ರೊಕಾರ್ಟಿಸೋನ್ ಕೊಡುತ್ತಾರೆ. ಮನೆಭೇಟಿಯಲ್ಲಿ ಥೈರಾಯ್ಡ್ ರೋಗಿ ಮಂಪರಿನಲ್ಲಿರುವುದು ಕಂಡರೆ, ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.