ಬೀಚ್ ನೋಡಿ ರೂಮ್ ಬುಕ್ ಮಾಡ್ಬೇಡಿ, ಜೆಟ್ಟಿ ನೋಡಿ ಮಾಡಿ: ಇಬ್ಬರ ಅಂಡಮಾನ್ ಟ್ರಿಪ್‌ನ ಲೆಕ್ಕ



ಈ ವಾರದ ವಿಷಯ ಬಂದಿದ್ದು ದಾವಣಗೆರೆಯ ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ. ಡಿಸೆಂಬರ್‌ನಲ್ಲಿ ಮದುವೆ, ಜನವರಿಯಲ್ಲಿ ಅಂಡಮಾನ್. 7 ದಿನ, 6 ರಾತ್ರಿ. ಇವರಿಗೆ ಕಾರಲ್ಲಿ ಉತ್ತರದ ತುದಿಯ ದಿಗ್ಲಿಪುರದವರೆಗೆ ಹೋಗೋ ಆಸೆ. ಹುಡುಗಿಗೆ ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸ್ಕೂಟರ್ ಓಡಿಸೋ ಆಸೆ. ಅವರ ಪ್ರಶ್ನೆ: "ಆರು ರಾತ್ರಿಗೆ ಆರು ಕಡೆ ರೂಮ್ ಮಾಡಿದ್ರೆ ಇಬ್ಬರ ಆಸೆನೂ ಆಗುತ್ತಲ್ವಾ?"

ಮ್ಯಾಪ್ ಮೇಲೆ ಆಗುತ್ತೆ. ಗಡಿಯಾರದ ಮೇಲೆ ಆಗಲ್ಲ. ಯಾಕೆ ಆಗಲ್ಲ, ಹಾಗಿದ್ರೆ ರಾತ್ರಿ ಎಲ್ಲಿ ಉಳ್ಕೋಬೇಕು ಅನ್ನೋದೇ ಇವತ್ತಿನ ಎಪಿಸೋಡ್. ನಾನು ಬಿಕಾಂ ಓದಿದವನು, ಹಾಗಾಗಿ ಸ್ವಲ್ಪ ಲೆಕ್ಕ ಬರುತ್ತೆ. ಸಹಿಸ್ಕೊಳ್ಳಿ.

ಮೊದಲು ಹೆಸರುಗಳು

ಬುಕಿಂಗ್ ಆ್ಯಪ್‌ನಲ್ಲಿ ಗೊಂದಲ ಆಗೋದು ಇಲ್ಲೇ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ ಅಂತ, ನೀಲ್ ದ್ವೀಪಕ್ಕೆ ಶಹೀದ್ ದ್ವೀಪ ಅಂತ ಹೆಸರಿಟ್ಟರು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯ ಪುರಂ ಅನ್ನೋ ಹೆಸರು ಬಂತು. ಒಂದು ಕಡೆ ಹಳೇ ಹೆಸರು, ಇನ್ನೊಂದು ಕಡೆ ಹೊಸದು ಇರುತ್ತೆ. ಎರಡೂ ಒಂದೇ ಊರು ಅಂತ ನೆನಪಿಟ್ಕೊಳ್ಳಿ. ನಾನಿಲ್ಲಿ ಎಲ್ಲರ ಬಾಯಲ್ಲಿರೋ ಹಳೇ ಹೆಸರನ್ನೇ ಹೇಳ್ತೀನಿ.

ಒಂದು ಸಲ ಜಾಗ ಬದಲಿಸಿದ್ರೆ ಅರ್ಧ ದಿನ ಖರ್ಚು

ಅಂಡಮಾನ್ ನಮ್ಮ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಭೂಮಿ 15 ಡಿಗ್ರಿ ತಿರುಗೋಕೆ 1 ಗಂಟೆ ಬೇಕು. ಆದ್ರೆ ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಅಂದ್ರೆ ಅಲ್ಲಿ ಸೂರ್ಯ ಸುಮಾರು ಒಂದು ಗಂಟೆ ಮುಂಚೆ ಹುಟ್ತಾನೆ, ಮುಂಚೆನೇ ಮುಳುಗ್ತಾನೆ. ಜನವರಿಯಲ್ಲಿ ಸಂಜೆ ಐದೂವರೆ ಹೊತ್ತಿಗೆ ಸೂರ್ಯಾಸ್ತ. ಆರು ಗಂಟೆಗೆ ಪೂರ್ತಿ ಕತ್ತಲು. ಕೈಗೆ ಸಿಗೋ ಬೆಳಕು ದಿನಕ್ಕೆ ಸುಮಾರು ಹನ್ನೊಂದೂವರೆ ಗಂಟೆ.

ಈಗ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗೋದನ್ನ ನೋಡಿ. ಪ್ಯಾಕಿಂಗ್, ಚೆಕ್‌ಔಟ್, ಫೆರಿ ಹೊರಡೋಕೆ ಒಂದು ಗಂಟೆ ಮುಂಚೆ ಜೆಟ್ಟಿ ತಲುಪೋದು. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ವೇಗದ ಖಾಸಗಿ ಫೆರಿಯಲ್ಲೂ ಒಂದೂವರೆ–ಎರಡು ಗಂಟೆ. ಇಳಿದ ಮೇಲೆ ಲಗೇಜ್, ಟ್ಯಾಕ್ಸಿ, ಚೆಕ್‌ಇನ್. ಒಟ್ಟು ನಾಲ್ಕೂವರೆ ಗಂಟೆ ಅಂತ ಇಟ್ಕೊಳ್ಳಿ. ಆರು ಜಾಗ ಅಂದ್ರೆ ಐದು ಸಲ ಬದಲಾವಣೆ. ಐದು ಇಂಟು ನಾಲ್ಕೂವರೆ, ಇಪ್ಪತ್ತೆರಡೂವರೆ ಗಂಟೆ. ಹೆಚ್ಚುಕಡಿಮೆ ಎರಡು ಪೂರ್ತಿ ಹಗಲು! 7 ದಿನದಲ್ಲಿ ಮೊದಲನೇದು, ಕೊನೇದು ವಿಮಾನಕ್ಕೆ ಹೋದ್ರೆ ಉಳಿಯೋದು 5. ಅದರಲ್ಲಿ 2 ದಿನ ಸೂಟ್‌ಕೇಸ್ ಎಳೆಯೋದಕ್ಕೇ ಹೋಯ್ತು.

ಕಾಮರ್ಸ್ ಭಾಷೆಯಲ್ಲಿ ಇದು ಫಿಕ್ಸೆಡ್ ಕಾಸ್ಟ್. ಹೊಸ ಜಾಗದಲ್ಲಿ ಒಂದು ರಾತ್ರಿ ಇದ್ರೂ, ಮೂರು ರಾತ್ರಿ ಇದ್ರೂ ಆ ಖರ್ಚು ಅಷ್ಟೇ. ಹಾಗಾಗಿ ರಾತ್ರಿಗಳನ್ನ ಹಂಚಬೇಡಿ, ಗುಡ್ಡೆ ಹಾಕಿ.

ಎರಡು ದಾರಿ, ಒಂದನ್ನ ಆರಿಸಿ

ಅಂಡಮಾನ್‌ನಲ್ಲಿ ರೋಡ್ ಟ್ರಿಪ್ ಅಂದ್ರೆ ಎರಡು ಬೇರೆ ಬೇರೆ ಟ್ರಿಪ್.

ಒಂದು, ಸಣ್ಣ ದ್ವೀಪಗಳದ್ದು. ಪ್ರವಾಸಿಗರು ಹೋಗೋ ವೇಗದ ಫೆರಿಗಳಲ್ಲಿ ಗಾಡಿ ಹಾಕೋಕಾಗಲ್ಲ. ದ್ವೀಪದಲ್ಲಿ ಇಳಿದು ಸ್ಕೂಟರ್ ಬಾಡಿಗೆಗೆ ತಗೋಬೇಕು.

ಇನ್ನೊಂದು, ಅಂಡಮಾನ್ ಟ್ರಂಕ್ ರೋಡ್. ದಕ್ಷಿಣ ಅಂಡಮಾನ್, ಬಾರಾಟಾಂಗ್, ಮಧ್ಯ ಅಂಡಮಾನ್, ಉತ್ತರ ಅಂಡಮಾನ್, ಇವೂ ದ್ವೀಪಗಳೇ. ಮಿಡ್ಲ್ ಸ್ಟ್ರೇಟ್‌ನಲ್ಲಿ ಕಾರು ಸಮೇತ ದೊಡ್ಡ ದೋಣಿಯಲ್ಲಿ ದಾಟಬೇಕು, ಮುಂದೆ ಸೇತುವೆಗಳಿವೆ. ಮಧ್ಯ ಅಂಡಮಾನ್‌ನಿಂದ ಉತ್ತರ ಅಂಡಮಾನ್‌ಗೆ ದಾಟಿಸೋ ಸೇತುವೆಯ ಹೆಸರು ಚೆಂಗಪ್ಪ ಸೇತುವೆ. ಹೆಸರು ಕೇಳಿದ ಕೂಡಲೇ ಕೊಡಗು ನೆನಪಾಯ್ತಲ್ವಾ? ಅಂಡಮಾನ್ ಕಾಡುಗಳಲ್ಲಿ ಕೆಲಸ ಮಾಡಿದ ಅರಣ್ಯಾಧಿಕಾರಿ ಚೆಂಗಪ್ಪ ಅವರ ಹೆಸರದು.

ಈ ರಸ್ತೆಗೆ ಒಂದು ಷರತ್ತಿದೆ. ಜಿರ್ಕಾಟಾಂಗ್‌ನಿಂದ ಮಿಡ್ಲ್ ಸ್ಟ್ರೇಟ್‌ವರೆಗೆ ಜಾರವಾ ಬುಡಕಟ್ಟಿನ ಮೀಸಲು ಅರಣ್ಯ. ವಾಹನಗಳು ಪೊಲೀಸ್ ಬೆಂಗಾವಲಿನ ಕಾನ್ವಾಯ್‌ನಲ್ಲೇ ಹೋಗಬೇಕು, ಅದೂ ದಿನಕ್ಕೆ ಕೆಲವೇ ಸಲ. ಸಮಯ ಬದಲಾಗ್ತಿರುತ್ತೆ, ಹಿಂದಿನ ದಿನವೇ ಕೇಳ್ಕೊಳ್ಳಿ. ಮಧ್ಯೆ ಗಾಡಿ ನಿಲ್ಲಿಸೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ. ಅದು ಜೈಲು ಶಿಕ್ಷೆ ಇರೋ ಅಪರಾಧ. ಮೀಸಲು ಅರಣ್ಯದೊಳಗಿನ ಈ ರಸ್ತೆಯನ್ನ ಮುಚ್ಚಿ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆದ್ರೂ ಇವತ್ತಿಗೂ ಗಾಡಿಗಳು ಓಡ್ತಿವೆ. ಹಾಗಾಗಿ ರೂಮ್ ಹುಡುಕುವಾಗ ನನ್ನದೊಂದು ಜರಡಿ ಇದೆ: "ಜಾರವಾ ಜನರನ್ನ ತೋರಿಸ್ತೀವಿ ಸರ್" ಅಂತ ಯಾವ ಹೋಟೆಲ್, ಯಾವ ಏಜೆಂಟ್ ಹೇಳಿದ್ರೂ ಅಲ್ಲಿಗೇ ಫೋನ್ ಇಟ್ಟುಬಿಡಿ. ಅವರ ಮನೆ ಅಂಗಳದಲ್ಲಿ ಹಾದು ಹೋಗ್ತಿರೋದು ನಾವು.

6 ರಾತ್ರಿಗೆ ಎರಡೂ ದಾರಿ ಹಿಡಿಸಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಮೊದಲ ಸಲ ಹೋಗೋರಿಗೆ ನಾನು ಹೇಳೋದು ಸಣ್ಣ ದ್ವೀಪಗಳ ದಾರಿ. ಕಾರಣ ಸೌಂದರ್ಯ ಅಲ್ಲ. ಹ್ಯಾವ್‌ಲಾಕ್‌ನಲ್ಲಿ ಒಂದು ಫೆರಿ ತಪ್ಪಿದ್ರೆ ಇನ್ನೊಂದಕ್ಕೆ ಪ್ರಯತ್ನ ಮಾಡಬಹುದು. ಉತ್ತರದಲ್ಲಿ ದಿನದ ಕೊನೇ ಕಾನ್ವಾಯ್ ತಪ್ಪಿದ್ರೆ ಮಾರನೇ ದಿನದವರೆಗೂ ಬೇರೆ ದಾರಿ ಇಲ್ಲ.

ಹ್ಯಾವ್‌ಲಾಕ್, ನೀಲ್: ಎಲ್ಲಿ ಮಲಗಬೇಕು?

ನನ್ನ ಹಂಚಿಕೆ ಹೀಗೆ. ಪೋರ್ಟ್ ಬ್ಲೇರ್ 1, ಹ್ಯಾವ್‌ಲಾಕ್ 3, ನೀಲ್ 1, ಮತ್ತೆ ಪೋರ್ಟ್ ಬ್ಲೇರ್ 1.

ಹ್ಯಾವ್‌ಲಾಕ್‌ನಲ್ಲಿ ಎಲ್ಲರೂ ಹುಡುಕೋದು ರಾಧಾನಗರ ಬೀಚ್ ಹತ್ತಿರದ ರೂಮ್. ಅದು ದ್ವೀಪದ ಪಶ್ಚಿಮಕ್ಕೆ, ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಸೂರ್ಯಾಸ್ತಕ್ಕೆ, ಈಜಿಗೆ ಒಳ್ಳೇ ಜಾಗ. ಆದ್ರೆ ಹೆಚ್ಚಿನ ಹೋಟೆಲ್, ಊಟದ ಜಾಗ, ಡೈವಿಂಗ್ ಅಂಗಡಿಗಳು ಇರೋದು ಪೂರ್ವದ ಗೋವಿಂದನಗರ, ವಿಜಯನಗರ ಕಡೆ. ಪೂರ್ವದಲ್ಲಿ ಉಳ್ಕೊಂಡು ಒಂದು ಸಂಜೆ ಸ್ಕೂಟರ್‌ನಲ್ಲಿ ರಾಧಾನಗರಕ್ಕೆ ಹೋಗಿ ಬರೋದು ಸುಲಭ. ರಾಧಾನಗರದಲ್ಲಿ ಉಳ್ಕೊಂಡು ಬೆಳಗ್ಗೆ ಆರಕ್ಕೆ ಡೈವಿಂಗ್‌ಗೋ ಜೆಟ್ಟಿಗೋ ಓಡೋದು ಕಷ್ಟ.

ಪೂರ್ವದ ಕಡೆ ಒಂದು ವಿಷಯ ಫೋಟೋದಲ್ಲಿ ಕಾಣಲ್ಲ. ಇಳಿತ ಬಂದಾಗ ನೀರು ತುಂಬಾ ಹಿಂದೆ ಸರಿದು ಕಲ್ಲು, ಹವಳ ಎದ್ದು ಕಾಣುತ್ತೆ. ಈಜೋಕಾಗಲ್ಲ. "ಬೀಚ್‌ಫ್ರಂಟ್" ಅಂತ ಹೆಚ್ಚು ದುಡ್ಡು ಕೊಡೋ ಮುಂಚೆ ನಿಮ್ಮ ತಾರೀಖಿಗೆ ಉಬ್ಬರ-ಇಳಿತ ಯಾವ ಹೊತ್ತಿಗೆ ಅಂತ ನೋಡಿ.

ನೀಲ್ ಚಿಕ್ಕದು. ಭರತಪುರ ಬೀಚ್ ಜೆಟ್ಟಿ ಪಕ್ಕದಲ್ಲೇ, ಸೂರ್ಯಾಸ್ತದ ಲಕ್ಷ್ಮಣಪುರ ಒಂದು ಕಡೆ, ಸೂರ್ಯೋದಯದ ಸೀತಾಪುರ ಇನ್ನೊಂದು ಕಡೆ. ಸ್ಕೂಟರ್ ಇದ್ರೆ ಎಲ್ಲಿ ಉಳ್ಕೊಂಡ್ರೂ ನಡೆಯುತ್ತೆ. ಆದ್ರೆ ಮಾರನೇ ದಿನದ ಫೆರಿ ಬೆಳಗ್ಗೆಯದಾದ್ರೆ ಭರತಪುರದ ಹತ್ತಿರ ಇರಿ.

ಇಷ್ಟೆಲ್ಲ ಹೇಳಿದ್ದರ ಸಾರ ಒಂದೇ ಸಾಲು: ಇವತ್ತು ಏನು ನೋಡ್ತೀರಿ ಅನ್ನೋದರ ಮೇಲೆ ರೂಮ್ ಆರಿಸಬೇಡಿ, ನಾಳೆ ಬೆಳಗ್ಗೆ ಎಲ್ಲಿಂದ ಹೊರಡಬೇಕು ಅನ್ನೋದರ ಮೇಲೆ ಆರಿಸಿ.

ಉತ್ತರಕ್ಕೇ ಹೋಗಬೇಕು ಅನ್ನೋರಿಗೆ

ಪೋರ್ಟ್ ಬ್ಲೇರ್ 1, ರಂಗತ್ 1, ದಿಗ್ಲಿಪುರ 2, ವಾಪಸ್ ಬರುವಾಗ ರಂಗತ್ 1, ಪೋರ್ಟ್ ಬ್ಲೇರ್ 1. ದಿಗ್ಲಿಪುರ ಪೋರ್ಟ್ ಬ್ಲೇರ್‌ನಿಂದ ಸುಮಾರು 300 ಕಿಲೋಮೀಟರ್. ಒಂದೇ ದಿನಕ್ಕೆ ಎಳೀಬೇಡಿ. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳನ್ನ ಹೋಗೋ ದಾರಿಯಲ್ಲೇ ನೋಡಿ. ದಿಗ್ಲಿಪುರ ಪೇಟೆಗಿಂತ ಕಾಲಿಪುರದ ಕಡೆ ಉಳ್ಕೊಳ್ಳಿ. ರಾಸ್ ಮತ್ತು ಸ್ಮಿತ್ ಅವಳಿ ದ್ವೀಪಗಳಿಗೆ ದೋಣಿ ಹೊರಡೋ ಏರಿಯಲ್ ಬೇ ಹತ್ತಿರವಾಗುತ್ತೆ. 732 ಮೀಟರ್ ಎತ್ತರದ ಸ್ಯಾಡಲ್ ಪೀಕ್ ಹತ್ತೋ ದಾರಿ ಕೂಡ ಅದೇ ಕಡೆ. ಜನವರಿಯಲ್ಲಿ ಕಾಲಿಪುರದ ಮರಳಿಗೆ ಕಡಲಾಮೆಗಳು ಮೊಟ್ಟೆ ಇಡೋಕೆ ಬರ್ತವೆ. ನೋಡೋಕೆ ಹೋದ್ರೆ ಮೊಬೈಲ್ ಟಾರ್ಚ್ ಆಫ್.

ಕೊನೇ ರಾತ್ರಿ ವಿಮಾನ ನಿಲ್ದಾಣದ ಊರಲ್ಲೇ

ಯಾವ ದಾರಿ ಹಿಡಿದ್ರೂ ಇದರಲ್ಲಿ ರಾಜಿ ಇಲ್ಲ. ಸಮುದ್ರ ಕೆಟ್ಟರೆ ಫೆರಿ ರದ್ದಾಗುತ್ತೆ. ವಿಮಾನ ನಿಮಗೋಸ್ಕರ ಕಾಯಲ್ಲ. ಎರಡು ಹೊಸ ಟಿಕೆಟ್‌ನ ಬೆಲೆ ಮುಂದೆ ಪೋರ್ಟ್ ಬ್ಲೇರ್‌ನ ಒಂದು ಸಾಧಾರಣ ರೂಮ್ ಏನೂ ಅಲ್ಲ. ಅದು ಇನ್ಶೂರೆನ್ಸ್ ಪ್ರೀಮಿಯಂ ಅಂದ್ಕೊಳ್ಳಿ.

ಡೈವಿಂಗ್ ಮಾಡೋರಿಗೆ ಇದು ದುಡ್ಡಿನ ಮಾತಲ್ಲ, ಆರೋಗ್ಯದ ಮಾತು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಹೊರಗೆ ಹೋಗೋಕೆ ಸಮಯ ಬೇಕು. ಒಂದು ಸಾಮಾನ್ಯ ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಬಹಳ ಕಡೆ 24 ಗಂಟೆ ಅಂತಲೇ ಹೇಳ್ತಾರೆ. ಡೈವಿಂಗ್ ಹ್ಯಾವ್‌ಲಾಕ್‌ನಲ್ಲಿ ಮುಗಿಸಿ, ಆಮೇಲೆ ನೀಲ್, ಆಮೇಲೆ ಪೋರ್ಟ್ ಬ್ಲೇರ್ ಅಂತ ಇಟ್ಕೊಂಡ್ರೆ ಇದು ತಾನಾಗೇ ಸರಿಹೋಗುತ್ತೆ.

₹7,500ರ ಗೆರೆ

ಇದು ನನ್ನ ಇಷ್ಟದ ಭಾಗ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500 ಅಥವಾ ಅದಕ್ಕಿಂತ ಕಡಿಮೆ ಬಾಡಿಗೆಯ ರೂಮ್‌ಗೆ ಜಿಎಸ್‌ಟಿ 5%. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದ್ರೂ 18%, ಅದೂ ಪೂರ್ತಿ ಮೊತ್ತದ ಮೇಲೆ. ₹7,400ರ ರೂಮ್ ಕೈಗೆ ಬರೋದು ₹7,770ಕ್ಕೆ. ₹7,600ರ ರೂಮ್ ₹8,968ಕ್ಕೆ. ಬೋರ್ಡ್ ಮೇಲೆ ಇನ್ನೂರು ರೂಪಾಯಿ ವ್ಯತ್ಯಾಸ, ಬಿಲ್‌ನಲ್ಲಿ ₹1,198. ಗೆರೆ ಹತ್ತಿರದ ರೂಮ್ ಕಂಡ್ರೆ "ತಿಂಡಿ ಸೇರಿಸದೆ ಎಷ್ಟು?" ಅಂತ ಕೇಳಿ ನೋಡಿ. ಬಾಡಿಗೆ ಗೆರೆ ಕೆಳಗೆ ಬರಬಹುದು.

ಇಬ್ಬರು ಅಂದ ಮೇಲೆ

ನಾನೂ ನನ್ನ ಹೆಂಡತಿಯೂ ಟ್ರಿಪ್‌ಗೆ ಮುಂಚೆ ಒಂದು ಕೆಲಸ ಮಾಡ್ತೀವಿ. ಒಬ್ಬರಿಗೊಬ್ಬರು ತೋರಿಸದೆ ಎರಡೆರಡು ಸಾಲು ಬರೀತೀವಿ: ಇದು ಬೇಕೇ ಬೇಕು, ಇದು ಇಲ್ಲದಿದ್ರೂ ನಡೆಯುತ್ತೆ. ಅವಳದು ಯಾವಾಗ್ಲೂ ಒಣಗಿದ ಬಾತ್‌ರೂಮ್, ಒಳಗಿನ ಗಟ್ಟಿ ಚಿಲಕ. ನನ್ನದು ಬೆಳಗ್ಗೆ ಬೇಗ ಸಿಗೋ ಕಾಫಿ. ಕಡಲಿನ ನೋಟ ಇಬ್ಬರ ಎರಡನೇ ಸಾಲಲ್ಲೇ ಇರುತ್ತೆ. ಅದು ಗೊತ್ತಾದ ದಿನವೇ ಬಜೆಟ್ ಸರಿಹೋಯ್ತು.

ಮದುವೆ ಆಗಿರದ ಜೋಡಿಗಳೂ ಈ ಪ್ರಶ್ನೆ ಕೇಳ್ತಿರ್ತೀರಿ. ವಯಸ್ಕರಿಬ್ಬರು ಒಟ್ಟಿಗೆ ರೂಮ್ ತಗೋಬಾರದು ಅನ್ನೋ ಕಾನೂನಿಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನ ಸ್ಪಷ್ಟವಾಗಿ ಹೇಳಿದೆ. ಆದ್ರೆ ಕೆಲವು ಹೋಟೆಲ್‌ಗಳು ತಮ್ಮದೇ ನಿಯಮ ಇಟ್ಕೊಂಡಿರ್ತವೆ. ರಾತ್ರಿ ರಿಸೆಪ್ಷನ್‌ನಲ್ಲಿ ನಿಂತು ಕಾನೂನು ವಾದ ಮಾಡೋದಕ್ಕಿಂತ ಮೊದಲೇ ಕೇಳೋದು ಒಳ್ಳೇದು. ಇಬ್ಬರ ಗುರುತಿನ ಚೀಟಿ ಹೇಗೂ ಬೇಕು.

ದುಡ್ಡು ಕಟ್ಟೋ ಮುಂಚೆ ಐದು ಪ್ರಶ್ನೆ

ಹೋಟೆಲ್‌ಗೆ ನೇರ ಫೋನ್ ಮಾಡಿ. ಒಂದು, ಜೆಟ್ಟಿಯಿಂದ ಎಷ್ಟು ದೂರ, ಬೆಳಗ್ಗೆ ಐದಕ್ಕೆ ಗಾಡಿ ಸಿಗುತ್ತಾ? ಎರಡು, ಚೆಕ್‌ಔಟ್ ಎಷ್ಟು ಗಂಟೆಗೆ? ಅಲ್ಲಿ ಕೆಲವು ಕಡೆ ಬೆಳಗ್ಗೆ ಎಂಟು-ಒಂಬತ್ತಕ್ಕೇ ಇರುತ್ತೆ. ಮೂರು, ಆಮೇಲೆ ಲಗೇಜ್ ಇಟ್ಕೊಳ್ತೀರಾ? ನಾಲ್ಕು, ಕರೆಂಟ್ ಹೋದ್ರೆ ಜನರೇಟರ್‌ನಲ್ಲಿ ಫ್ಯಾನ್ ಮಾತ್ರನಾ, ಏಸಿನೂ ನಡೆಯುತ್ತಾ? ಐದು, ಎಲ್ಲಕ್ಕಿಂತ ಮುಖ್ಯ: ಫೆರಿ ರದ್ದಾಗಿ ನಾವು ಬರೋಕೆ ಆಗದಿದ್ರೆ ದುಡ್ಡು ವಾಪಸ್ಸಾ, ತಾರೀಖು ಮುಂದಕ್ಕಾ, ಎರಡೂ ಇಲ್ವಾ?

ಐದನೇದಕ್ಕೆ ಉತ್ತರ ಬಾಯಲ್ಲಿ ಬೇಡ. ವಾಟ್ಸಾಪ್‌ನಲ್ಲಿ ಬರೆಸ್ಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದು ಇಬ್ಬರ ಫೋನಲ್ಲೂ ಇಟ್ಕೊಳ್ಳಿ. ಬರೆದು ಕೊಡೋಕೆ ಒಪ್ಪದ ಹೋಟೆಲ್‌ಗೆ ಮುಂಗಡ ಕಟ್ಟಬೇಡಿ. ಸಿಗೋಣ ಮುಂದಿನ ವಾರ.