ಬಾಯಿಗೂ ಬೇಕು ಕ್ಯೂರಿಂಗ್!

ನಾಲ್ಕನೇ ಸೆಮಿಸ್ಟರ್‌ನ ಕೊನೆಯ ಪೇಪರ್ ಬರೆಯುವ ಹೊತ್ತಿಗೆ ನನ್ನ ಬಲಗೆನ್ನೆ ಊದಿಕೊಂಡು, ಗೆಳೆಯರೆಲ್ಲ ‘ಏನೋ, ಬಾಯಲ್ಲಿ ಲಾಡು ಇಟ್ಕೊಂಡಿದೀಯಾ?’ ಅನ್ನುವಂತಾಗಿತ್ತು. ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು, ಕೆಳಗಿನ ಬುದ್ಧಿಹಲ್ಲು ನೆಟ್ಟಗೆ ಮೇಲೆ ಬರುವ ಬದಲು ಪಕ್ಕದ ಹಲ್ಲಿಗೆ ತಲೆ ಆನಿಸಿ ಅಡ್ಡ ಮಲಗಿದೆ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಬರುವ ಹಲ್ಲಿದು. ‘ಬುದ್ಧಿ ಬರೋಕೆ ಮುಂಚೆನೇ ಹಲ್ಲು ಬಂತಲ್ಲೋ’ ಎಂದು ಅಜ್ಜಿ ನಕ್ಕಳು. ಸಣ್ಣ ಸರ್ಜರಿ ಮಾಡಿ ತೆಗೆಯಬೇಕಿತ್ತು. ಜತೆಗೆ ಎರಡು ಹುಳುಕು ಹಲ್ಲಿಗೆ ಫಿಲ್ಲಿಂಗ್, ಕ್ಲೀನಿಂಗ್ ಕೂಡ ಬಾಕಿ.

ಅಪ್ಪ ನಂಜನಗೂಡಿನ ಫ್ಯಾಕ್ಟರಿಗೆ ಹೋಗುವವರು. ಒಂದು ದಿನ ತಪ್ಪಿಸಿದರೆ ಆ ದಿನದ ಸಂಬಳ ಕಟ್. ನನ್ನ ಜತೆ ಅವರು ಮತ್ತೆ ಮತ್ತೆ ಅಲೆಯಬಾರದು, ಕಾಲೇಜು ಶುರುವಾಗುವ ಮೊದಲೇ ಎಲ್ಲ ಮುಗಿಯಬೇಕು ಅಂತ ನಾನೇ ಒಂದು ಟೈಮ್‌ಟೇಬಲ್ ಹಾಕಿದೆ. ಸೋಮವಾರ ಸರ್ಜರಿ, ಗುರುವಾರ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಫಿಲ್ಲಿಂಗ್, ಶನಿವಾರ ಕ್ಲೀನಿಂಗ್. ಇದನ್ನು ಸರ್ಜರಿ ಮಾಡುವ ಡಾಕ್ಟರಿಗೂ ಹೇಳಲಿಲ್ಲ, ಕ್ಲಿನಿಕ್‌ನವರಿಗೂ ಹೇಳಲಿಲ್ಲ.

ಬನ್ನಿಮಂಟಪದ ಜೆಎಸ್‌ಎಸ್, ತಿಲಕ್‌ನಗರದ ಫಾರೂಕಿಯಾ ಹೀಗೆ ಡೆಂಟಲ್ ಕಾಲೇಜುಗಳು ಮೈಸೂರಿನಲ್ಲೇ ಇರುವುದು ನಮ್ಮಂಥವರಿಗೆ ಅನುಕೂಲ. ಅಂಥದ್ದೇ ಒಂದು ಕಡೆ ಹಲ್ಲು ತೆಗೆದು, ಹೊಲಿಗೆ ಹಾಕಿ, ಕೈಗೊಂದು ಚೀಟಿ ಕೊಟ್ಟರು. ಚೀಟಿ ಜೇಬಿನಲ್ಲೇ ಉಳಿಯಿತು. ಬುಧವಾರ ನೋವು ಕಡಿಮೆ ಅನಿಸಿದ್ದೇ ತಡ, ಕುಕ್ಕರಹಳ್ಳಿ ಕೆರೆ ಕಡೆ ಹೋಗಿ, ತಂಪಲ್ವಾ ಎಂದುಕೊಂಡು ಸ್ಟ್ರಾ ಹಾಕಿ ಎಳನೀರು ಹೀರಿದೆ. ನಡುರಾತ್ರಿ ದವಡೆಯಿಂದ ಕಿವಿಯವರೆಗೆ ನೋವು ಸಿಡಿಯತೊಡಗಿತು.

ಆದರೂ ಗುರುವಾರ ಫಿಲ್ಲಿಂಗ್‌ಗೆ ಹೋದೆನಲ್ಲ! ‘ಮೂರು ಬೆರಳು ಹಿಡಿಸುವಷ್ಟು ಬಾಯಿ ತೆಗೀರಿ’ ಅಂದರು ಡಾಕ್ಟರ್ ಮೇಡಂ. ಒಂದು ಬೆರಳು ಹಿಡಿಸುವಷ್ಟೂ ತೆರೆಯಲಿಲ್ಲ. ವಿಷಯ ಕೇಳಿ ಕೈಗವಸು ಬಿಚ್ಚಿಟ್ಟರು. ‘ಊದಿರೋ ದವಡೆಯನ್ನ ಅರ್ಧ ಗಂಟೆ ಅಗಲಿಸಿ ಹಿಡಿಯೋಕಾಗುತ್ತಾ? ನೀರು ಚಿಮ್ಮಿಸೋದು, ಹೀರೋದು ಎಲ್ಲ ಆ ಗಾಯದ ಪಕ್ಕದಲ್ಲೇ. ನಾಳೆ ಮತ್ತೆ ನೋವು ಬಂದ್ರೆ ಅದು ಸರ್ಜರಿದೋ ಫಿಲ್ಲಿಂಗ್‌ದೋ ಅಂತ ಹೇಗೆ ಗೊತ್ತಾಗಬೇಕು? ಮೊದಲು ಸರ್ಜರಿ ಮಾಡಿದವರ ಹತ್ರ ಹೋಗಿ’ ಎಂದು ಕಳಿಸಿದರು.

ಅಲ್ಲಿ ಹೇಳಿದ್ದು ಡ್ರೈ ಸಾಕೆಟ್. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದಂತೆ ಕೂರುತ್ತದೆ. ಜೋರಾಗಿ ಹೀರಿದರೆ, ಉಗುಳಿದರೆ, ಸಿಗರೇಟು ಸೇದಿದರೆ ಅದು ಕಿತ್ತುಬರಬಹುದು. ಆಗ ಒಳಗಿನ ಮೂಳೆ ತೆರೆದುಕೊಂಡು ಹೀಗೆ ನೋಯುತ್ತದೆ. ಗುಳಿ ತೊಳೆದು, ಲವಂಗದ ವಾಸನೆಯ ಔಷಧಿ ತುಂಬಿದ ಮೇಲೆಯೇ ಜೀವ ಬಂದಂತಾಯಿತು. ಸ್ಟ್ರಾ ಬೇಡ ಅನ್ನೋದು ಜೇಬಿನಲ್ಲಿದ್ದ ಚೀಟಿಯ ಮೂರನೇ ಸಾಲಿನಲ್ಲೇ ಇತ್ತು.

ನಾನು ಸಿವಿಲ್ ವಿದ್ಯಾರ್ಥಿ. ಕಾಂಕ್ರೀಟ್ ಹಾಕಿದ ಮಾರನೇ ದಿನವೇ ಕಲ್ಲಿನಂತೆ ಕಾಣುತ್ತದೆ. ಆದರೆ ಲ್ಯಾಬ್‌ನಲ್ಲಿ ಕ್ಯೂಬ್ ಒಡೆದು ನೋಡಿದರೆ 7ನೇ ದಿನಕ್ಕೆ ಸುಮಾರು ಮೂರನೇ ಎರಡು ಭಾಗದಷ್ಟು ಬಲ. ಲೆಕ್ಕಕ್ಕೆ ಹಿಡಿಯುವುದು 28ನೇ ದಿನದ ಬಲ. ಅಲ್ಲಿಯವರೆಗೆ ನೀರುಣಿಸುತ್ತಾ ಕಾಯಬೇಕು, ಅದೇ ಕ್ಯೂರಿಂಗ್. ಪರೀಕ್ಷೆಯಲ್ಲಿ ಇದನ್ನೇ ಎರಡು ಪುಟ ಬರೆದು ಬಂದಿದ್ದ ನನಗೆ ನನ್ನ ಬಾಯಿಗೂ ಕ್ಯೂರಿಂಗ್ ಬೇಕು ಅಂತ ಹೊಳೆಯಲಿಲ್ಲ. ನೋವು ಕಡಿಮೆಯಾದರೆ ಗಾಯ ಮಾಗಿದೆ ಅಂತಲ್ಲ. ವಸಡು ಮುಚ್ಚಿಕೊಳ್ಳಲು ಮೂರ್ನಾಲ್ಕು ವಾರ, ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು.

ಹೊಸ ಟೈಮ್‌ಟೇಬಲ್ ಡಾಕ್ಟರೇ ಹಾಕಿಕೊಟ್ಟರು. 7ನೇ ದಿನ ಹೊಲಿಗೆ ಬಿಚ್ಚುವುದು, ಬಾಯಿ ಸಲೀಸಾಗಿ ತೆರೆದ ಮೇಲೆ ಮೂರನೇ ವಾರ ಫಿಲ್ಲಿಂಗ್, ತಿಂಗಳ ನಂತರ ಕ್ಲೀನಿಂಗ್. ಇದು ನನ್ನ ಬಾಯಿಯ ಲೆಕ್ಕ, ನಿಮ್ಮದು ಬೇರೆ ಇರಬಹುದು. ಹಾಗಂತ ಎಲ್ಲದಕ್ಕೂ ಕಾಯಬೇಕೆಂದಿಲ್ಲ. ಹುಳುಕು ಹಲ್ಲಿನಲ್ಲಿ ಕೀವಾದರೆ, ಮುಖ ಊದಿ ಜ್ವರ ಬಂದರೆ ಅದೇ ದಿನ ಓಡಬೇಕು. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ದಿನದ ಅಂತರ ಎಂದು ಸರ್ಜರಿಗೆ ಮುಂಚೆಯೇ ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಅಪ್ಪನ ಒಂದು ದಿನದ ಸಂಬಳ ಉಳಿಸಲು ಹೋಗಿ ಮೂರು ದಿನದ್ದು ಕಳೆದೆ. ಡ್ರೆಸ್ಸಿಂಗ್‌ಗೆ ಹೋದಾಗಲೆಲ್ಲ ಅವರು ಹೊರಗಿನ ಬೆಂಚಿನ ಮೇಲೆ ಕೂತು ಕಾದರು, ಒಂದು ಮಾತೂ ಬೈಯಲಿಲ್ಲ. ಕೊನೆಯ ದಿನ ಮಾತ್ರ ಆಸ್ಪತ್ರೆ ಎದುರು ಗಾಡಿ ನಿಲ್ಲಿಸಿ ಎಳನೀರಿನವರಿಗೆ ಹೇಳಿದರು: ‘ಒಂದು ಎಳನೀರು ಕೊಡಿ. ಇವನಿಗೆ ಲೋಟಕ್ಕೆ ಹಾಕಿ.’