ಅಕ್ಕಿ ಹಾರಿಹೋದ ನೋಟ್‌ಪುಸ್ತಕ

ಪದ್ಮನಾಭನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಿದೆ. ನಿವೃತ್ತಿಯ ನಂತರ ವಾರಕ್ಕೆರಡು ದಿನ ಅಲ್ಲಿಗೆ ಹೋಗಿ ಮಕ್ಕಳಿಂದ ಕಥೆ ಓದಿಸುತ್ತೇನೆ. ಕಳೆದ ತಿಂಗಳು ಮೂರನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಪುಸ್ತಕದಲ್ಲಿ ‘ಅಕ್ಕಿ ಹಾರಿಹೋಯಿತು’ ಎಂಬ ವಾಕ್ಯ ಕಂಡು ನಕ್ಕುಬಿಟ್ಟೆ. ಎರಡು ಪುಟ ತಿರುವಿದರೆ ‘ಅಮ್ಮ ಹಕ್ಕಿ ತೊಳೆದಳು’ ಎಂದಿತ್ತು. ನಗು ನಿಂತಿತು.

ಶಿಕ್ಷಕಿ ಎರಡನ್ನೂ ಕೆಂಪು ಶಾಯಿಯಲ್ಲಿ ತಿದ್ದಿ, ಹತ್ತು ಸಲ ಬರೆಯಲು ಹೇಳಿದ್ದರು. ಊಟದ ವಿರಾಮದಲ್ಲಿ ಪಕ್ಕದ ತರಗತಿಯ ಶಿಕ್ಷಕಿ ಆ ಪುಟ ನೋಡಿ, ‘ಇವಳಿಗೆ ಹ ಅಕ್ಷರ ಬರುತ್ತೆ ಮೇಡಂ. ಮನೇಲಿ ಹಕ್ಕೀನೂ ಅಕ್ಕಿ ಅಂತಾರೆ. ಹ ಬಿಡಬೇಡ ಅಂತ ನಾವು ಬೈತೀವಲ್ಲ, ಆ ಭಯಕ್ಕೆ ಬೇಡದ ಕಡೆಯೂ ಸೇರಿಸ್ತಾಳೆ’ ಎಂದರು. ತಮ್ಮ ತರಗತಿಯಲ್ಲಿ ಹಾಡು–ಆಡು, ಹಾರು–ಆರು ಜೋಡಿಗಳನ್ನು ಮೊದಲು ಬಾಯಲ್ಲಿ ಹೇಳಿಸಿ, ಕಿವಿಗೆ ಅಂತರ ತಿಳಿದ ಮೇಲೆ ಬರೆಸಿದ್ದನ್ನು ವಿವರಿಸಿದರು. ಬಳಿಕ ಇಬ್ಬರೂ ಇಡೀ ತರಗತಿಯ ಪುಸ್ತಕಗಳನ್ನು ಹರಡಿಕೊಂಡು ಕುಳಿತರು. ಹಕಾರದಲ್ಲಿ ಎಡವಿದವರದು ಒಂದು ಕಟ್ಟು, ಒತ್ತಕ್ಷರ ಬಿಟ್ಟವರದು ಇನ್ನೊಂದು. ಅಜ್ಜನನ್ನು ‘ಅಜ’ ಎಂದು ಬರೆದ ಹುಡುಗ ಕರೆಯುವಾಗ ಸರಿಯಾಗಿಯೇ ಕರೆಯುತ್ತಾನೆ. ಅವನ ತೊಡಕು ಕಿವಿಯದಲ್ಲ, ಲಿಪಿಯದು. ಅದಕ್ಕೆ ಮದ್ದೂ ಬೇರೆ.

ಸೇವೆಯಲ್ಲಿದ್ದಾಗ ಒಂದು ಜಿಲ್ಲೆಯಲ್ಲಿ ಶಿಕ್ಷಕರ ತರಬೇತಿಯ ಪ್ರಗತಿ ಪರಿಶೀಲನೆ ನನ್ನ ಪಾಲಿಗೆ ಬಂದಿತ್ತು. ಎಷ್ಟು ಶಿಕ್ಷಕರು, ಎಷ್ಟು ದಿನ, ಎಷ್ಟು ವೆಚ್ಚ ಎಂಬ ಮೂರೇ ಕಾಲಂಗಳು. ಅರ್ಥಶಾಸ್ತ್ರ ಓದಿದವನಾಗಿಯೂ ಹೂಡಿಕೆಯನ್ನೇ ಫಲವೆಂದು ಭಾವಿಸಿ ಸಹಿ ಹಾಕುತ್ತಿದ್ದೆ. ಒಂದೇ ಒಂದು ಮಗುವಿನ ನೋಟ್‌ಪುಸ್ತಕ ತರಿಸಿ ನೋಡಿದ ನೆನಪಿಲ್ಲ.

ನಮ್ಮ ರಾಜ್ಯಕ್ಕೆ ಇದು ಹೊಸ ಪಾಠವೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ, ಮಕ್ಕಳು ಕಾರ್ಡುಗಳ ಮೂಲಕ ತಂತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡುಬಂದರು. ಕನ್ನಡಕ್ಕೆ ಹೊಂದುವ ಕಾರ್ಡುಗಳನ್ನು ತಾವೇ ಕುಳಿತು ರಚಿಸಿದರು. ‘ನಲಿ ಕಲಿ’ ಹುಟ್ಟಿದ್ದು ಹಾಗೆ. 2009–10ರಲ್ಲಿ ಅದು ರಾಜ್ಯದಾದ್ಯಂತ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ಅಷ್ಟು ಶಾಲೆಗಳಿಗೆ ಸಾಮಗ್ರಿ ತಲುಪಿಸುವ ಶ್ರಮವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಕಾರ್ಡನ್ನು ಅಚ್ಚು ಹಾಕಿಸಬಹುದು, ಅದನ್ನು ರಚಿಸುವಾಗ ಶಿಕ್ಷಕರ ನಡುವೆ ನಡೆದ ಚರ್ಚೆಯನ್ನು ಅಚ್ಚು ಹಾಕಿಸಲಾಗದು.

ಅಂಥ ಚರ್ಚೆಗೆಂದೇ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ರೂಪುಗೊಂಡವು. ನಾನು ಕಂಡ ಸಭೆಗಳಲ್ಲಿ ಸುತ್ತೋಲೆ ಓದಿ, ಬಿಸಿಯೂಟದ ಲೆಕ್ಕ ಒಪ್ಪಿಸಿ, ನಮೂನೆ ತುಂಬುವಷ್ಟರಲ್ಲಿ ಸಂಜೆಯಾಗುತ್ತಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯನ್ನು ಹೇಳುತ್ತದೆ. ಅದರಲ್ಲಿ ತಿಂಗಳಿಗೆ ಎರಡು ಗಂಟೆಯನ್ನಾದರೂ ಇದಕ್ಕೆ ಮೀಸಲಿಡಲಿ. ಪ್ರತಿಯೊಬ್ಬರೂ ಐದು ನೋಟ್‌ಪುಸ್ತಕ ತರಲಿ, ಜಾಣರದಲ್ಲ, ತಡವರಿಸುವವರದು. ಅಂದು ಅಧಿಕಾರಿಗಳು ಅತ್ತ ಸುಳಿಯದಿರುವುದು ಲೇಸು. ಯಾರ ತರಗತಿಯಲ್ಲಿ ತಪ್ಪು ಹೆಚ್ಚೆಂಬ ಪಟ್ಟಿ ಒಮ್ಮೆ ತಯಾರಾಯಿತೆಂದರೆ, ಮರುತಿಂಗಳಿಂದ ಮುತ್ತಿನಂಥ ಅಕ್ಷರದ ಪುಸ್ತಕಗಳೇ ಬರುತ್ತವೆ. ತಪಾಸಣೆಗೆ ಹೋದಲ್ಲೆಲ್ಲ ನನ್ನ ಮುಂದೆ ಇರಿಸುತ್ತಿದ್ದುದು ಅವನ್ನೇ.

ಕಳೆದ ವಾರ ಆ ಹುಡುಗಿ ಓಡಿಬಂದು ಪುಸ್ತಕ ತೋರಿಸಿದಳು. ‘ಹಕ್ಕಿ ಅಕಿ ತಿಂದಿತು’ ಎಂದಿತ್ತು. ಅವಳ ಪುಸ್ತಕ ಈಗ ಎರಡನೆಯ ಕಟ್ಟಿಗೆ ಸೇರಿದೆ.